ನಡುಮನೆಯಿಂದ ಹಿಂದಿನ ಕೋಣೆಗೆ

ಅಪಾರ್ಟ್‌ಮೆಂಟ್ ಎಂಬ ಮಾತಿಗೆ ಬೆಂಗಳೂರಿನಲ್ಲಿ ಇರುವ ಅರ್ಥವೇ ಬೇರೆ, ಹೊನ್ನಾಳಿಯಲ್ಲಿ ಇರುವ ಅರ್ಥವೇ ಬೇರೆ. ಕೆಳಗೆ ಎರಡು ಅಂಗಡಿ ಅಥವಾ ಮಾಲೀಕರ ಮನೆ, ಮೇಲೆ ಎರಡೋ ನಾಲ್ಕೋ ಬಾಡಿಗೆ ಮನೆ, ಟೆರೇಸಿನಲ್ಲಿ ಕಪ್ಪು ನೀರಿನ ಟ್ಯಾಂಕು, ಮುಂದೆ ಕಟ್ಟಬಹುದಾದ ಅಂತಸ್ತಿಗೆಂದು ಬಿಟ್ಟ ತುಕ್ಕು ಹಿಡಿದ ಸರಳುಗಳು. ಚನ್ನಗಿರಿ, ನ್ಯಾಮತಿ, ಜಗಳೂರಿನ ಹೊಸ ಕಟ್ಟಡಗಳ ಮುಖವೂ ಹೆಚ್ಚುಕಡಿಮೆ ಇದೇ. ಅಂಥದೊಂದು ಕಟ್ಟಡದ ಎರಡನೇ ಅಂತಸ್ತಿನಲ್ಲಿ, ಒಂದು ಭಾನುವಾರ ಬೆಳಗ್ಗೆ, ಈ ಮಾತುಕತೆ.

ಮಾತಾಡುವವರು ಇಬ್ಬರೇ. ಒಬ್ಬರು ನ್ಯಾಮತಿಯಿಂದ ಬಸ್ಸು ಹತ್ತಿ ಬಂದ ಸೋದರಮಾವ. ಕೆಇಬಿ ಇದ್ದ ಕಾಲದಿಂದ ಮನೆ ವೈರಿಂಗ್ ಮಾಡಿದ ಕೈ. ಇನ್ನೊಬ್ಬಳು ಅವರ ಅಕ್ಕನ ಮಗಳು. ಬೆಂಗಳೂರಿನ ಕಂಪನಿಗೆ ಹೊನ್ನಾಳಿಯಿಂದಲೇ ಕೆಲಸ ಮಾಡುತ್ತಾಳೆ. ಫೈಬರ್ ಪೆಟ್ಟಿಗೆ ಮುಂಬಾಗಿಲ ಪಕ್ಕದಲ್ಲಿದೆ, ಅವಳ ಮೇಜು ಹಿಂದಿನ ಕೋಣೆಯಲ್ಲಿದೆ. ನಡುವೆ ಎರಡು ಗೋಡೆ, ಒಂದು ಬಚ್ಚಲು, ಮಾಲೀಕರು ಹೋದ ವರ್ಷವಷ್ಟೇ ಹೊಡೆಸಿದ ಬಣ್ಣ.

ಮಾವ: ಇಂಟರ್ನೆಟ್ಟು ಗಾಳೀಲಿ ಬರ್ತದಂತಲ್ಲವ್ವಾ? ತಂತಿ ಬ್ಯಾಡ ಅಂತ್ಲೇ ತಾನೇ ಆ ಪೆಟ್ಟಿಗೆಗೆ ಕೊಂಬು ಇಟ್ಟಿರೋದು?

ಹುಡುಗಿ: ಹಾಲ್‌ನಲ್ಲಿ ಚೆನ್ನಾಗೇ ಬರುತ್ತೆ ಮಾವ. ನನ್ನ ಕೋಣೆ ಮುಟ್ಟೋ ಹೊತ್ತಿಗೆ ಸುಸ್ತಾಗಿರುತ್ತೆ. ಬಚ್ಚಲ ಗೋಡೆಗೆ ಟೈಲ್ಸು, ಅದರೊಳಗೆ ನೀರಿನ ಪೈಪು, ಪಕ್ಕದಲ್ಲಿ ಕಾಂಕ್ರೀಟ್ ಕಂಬದ ಕಬ್ಬಿಣ. ವೈಫೈಯಲ್ಲಿ 5 ಗಿಗಾಹರ್ಟ್ಸ್ ಅಲೆಗೆ ವೇಗ ಇದೆ, ಗೋಡೆ ದಾಟೋ ತಾಕತ್ತು ಕಮ್ಮಿ. 2.4 ಗಿಗಾಹರ್ಟ್ಸಿಂದು ದಾಟುತ್ತೆ, ಆದ್ರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರೋದೇ ಮೂರು: 1, 6, 11. ಈ ಕಟ್ಟಡದಲ್ಲೇ ನಾಲ್ಕು ಪೆಟ್ಟಿಗೆ ಕೂಗ್ತಿವೆ.

ಮಾವ: ಸಂತೇಲಿ ನಿಂತು ಗುಟ್ಟು ಹೇಳಿದಂಗೆ ಅನ್ನು.

ಹುಡುಗಿ: ಸರಿಯಾಗಿ ಹೇಳಿದ್ರಿ. ಒಬ್ಬರು ಮಾತಾಡ್ತಿದ್ರೆ ಉಳಿದವರು ಬಾಯಿ ಮುಚ್ಚಿಕೊಂಡು ಕಾಯಬೇಕು. ತಂತೀಲಿ ಆ ಸರದಿ ಇಲ್ಲ, ಹೋಗೋದು ಬರೋದು ಒಟ್ಟಿಗೇ.

ಮಾವ: ಎದುರುಮನೆಯೋರು ಇನ್ನೊಂದು ಪೆಟ್ಟಿಗೆ ತಂದು ಮಧ್ಯೆ ಇಟ್ಕೊಂಡವ್ರೆ. ತೂತಿಲ್ಲ, ಧೂಳಿಲ್ಲ. ಅದ್ಯಾಕಾಗಬಾರದು?

ಹುಡುಗಿ: ಮೆಶ್ ಅಂತಾರೆ ಅದಕ್ಕೆ. ಗಾಳೀಲಿ ಕೇಳಿದ್ದನ್ನ ಗಾಳೀಲೇ ಮತ್ತೆ ಕೂಗಿ ಹೇಳೋ ಡಂಗುರದವನು. ಸಿನಿಮಾ ನೋಡೋಕೆ ಸಾಕು, ಗೋಡೆ ಮುಟ್ಟೋಕೆ ಬಿಡದ ಮಾಲೀಕರಿದ್ರೆ ಅದೇ ಗತಿ. ನನಗೆ ಮೀಟಿಂಗಿನ ಮಧ್ಯೆ ಮುಖ ಕಲ್ಲಾಗಿ ನಿಲ್ಲೋದು ಸಾಕಾಗಿದೆ. ಮಾಲೀಕರು ಒಂದೇ ಒಂದು ತೂತಿಗೆ ಒಪ್ಪಿದಾರೆ.

ಮಾವ ಕೈ ಹಿಂದೆ ಕಟ್ಟಿಕೊಂಡು ಮನೆಯನ್ನೆಲ್ಲ ಒಂದು ಸುತ್ತು ಹಾಕಿದರು. ದಾರ ಹಿಡಿದು ಅಳೆದಾಗ ಪೆಟ್ಟಿಗೆಯಿಂದ ಮೇಜಿನವರೆಗಿನ ದಾರಿ 17 ಮೀಟರ್ ಬಂತು. ನೆಟ್‌ವರ್ಕಿನ ತಾಮ್ರದ ಕೇಬಲ್ಲಿಗೆ ನಿಯಮದ ಮಿತಿ 100 ಮೀಟರ್. ಗೋಡೆಯಲ್ಲಿ ಹೋಗುವುದು 90, ಎರಡು ತುದಿಯ ಸಣ್ಣ ತುಂಡುಗಳಿಗೆ 10. ಉದ್ದದ ಚಿಂತೆ ಇಲ್ಲ. ತಂಟೆ ಇದ್ದದ್ದು ಅದನ್ನು ಎಲ್ಲಿ ಹಾಯಿಸುವುದು ಎಂಬುದರಲ್ಲಿ.

ಹುಡುಗಿ: ಗೋಡೆ ಒಳಗೆ ಹೇಗೂ ಪೈಪಿದೆಯಲ್ಲ ಮಾವ, ಈ ಸ್ವಿಚ್‌ಬೋರ್ಡಿಂದ ಆ ಸ್ವಿಚ್‌ಬೋರ್ಡಿಗೆ. ಕರೆಂಟಿನ ವೈರ್ ಜೊತೆಗೇ ಎಳೆದುಬಿಟ್ರೆ ಹೊರಗೆ ಒಂದು ನೂಲೂ ಕಾಣಲ್ಲ.

ಮಾವ: ಆ ಮಾತು ಮಾತ್ರ ಆಡಬ್ಯಾಡ. ಅಲ್ಲಿರೋದು 230 ವೋಲ್ಟು. ಎಳೆಯೋವಾಗ ವೈರಿನ ಮೈ ಉಜ್ಜಿ ಗಾಯ ಆಯ್ತು ಅಂದ್ಕೋ, ಕರೆಂಟು ನಿನ್ನ ತಂತಿಗಿಳೀತದೆ, ಅಲ್ಲಿಂದ ಕಂಪ್ಯೂಟರಿಗೆ, ಅಲ್ಲಿಂದ ನಿನ್ನ ಬೆರಳಿಗೆ. ಎರಡನ್ನೂ ಒಂದೇ ಪೈಪಿಗೆ ತುರುಕೋನು ವೈರ್‌ಮನ್ನೇ ಅಲ್ಲ.

ಹುಡುಗಿ: ಬೆಂಗಳೂರಲ್ಲಿ ತುರುಕಿದ್ದನ್ನ ಕಣ್ಣಾರೆ ನೋಡಿದೀನಿ.

ಮಾವ: ಬೆಂಗಳೂರಲ್ಲಿ ಮಾಡಿದ್ರೆ ತಪ್ಪು ಸರಿಯಾಗ್ತದಾ? ಜೊತೇಲಿ ಸಾಗಬೇಕಂದ್ರೆ ನಡುವೆ ಅಂತರ ಇರಲಿ, ದಾಟಬೇಕಂದ್ರೆ ಪ್ಲಸ್ ಗುರುತಿನಂಗೆ ನೇರ ಅಡ್ಡ ದಾಟಲಿ. ಆ ಟಿವಿ ಪೈಪು ಐತಲ್ಲ, ಅದು ಖಾಲಿ ಇದ್ರೆ ನೋಡಾಣ.

(ಇಲ್ಲಿ ಮಾವನ ಮಾತಿಗೆ ಎರಡು ಮಾತಿಲ್ಲ. ವಿದ್ಯುತ್ ವೈರಿಗೂ ದತ್ತಾಂಶದ ಕೇಬಲ್ಲಿಗೂ ಬೇರೆ ಬೇರೆ ಪೈಪು ಎಂಬುದು ಈ ಕಸುಬಿನ ಮೊದಲ ಪಾಠ. ಒಂದರ ಗದ್ದಲ ಇನ್ನೊಂದಕ್ಕೆ ತಾಗುವುದು ಎರಡನೆಯ ಕಾರಣ, ಜೀವ ಮೊದಲನೆಯದು.)

ಟಿವಿ ಪೈಪಿಗೆ ಅವರು ಸ್ಪ್ರಿಂಗ್ ವೈರ್ ಬಿಟ್ಟರು. ಎರಡು ಮೀಟರ್ ಸಲೀಸಾಗಿ ಹೋಯಿತು, ಆಮೇಲೆ ಟಕ್ ಎಂದು ನಿಂತಿತು. ಇತ್ತ ತಿರುಗಿಸಿದರು, ಅತ್ತ ತಿರುಗಿಸಿದರು, ಆ ತುದಿಯಿಂದ ಬಿಟ್ಟು ನೋಡಿದರು. ಹೊರಗೆಳೆದಾಗ ತುದಿಗೆ ಬೂದಿ ಬಣ್ಣದ ಪುಡಿ ಮೆತ್ತಿತ್ತು. ಮೋಲ್ಡ್ ಹಾಕುವಾಗ ಪೈಪಿನ ಬಾಯಿಗೆ ಯಾರೂ ಬಟ್ಟೆ ತುರುಕಿರಲಿಲ್ಲ. ಸಿಮೆಂಟಿನ ಹಾಲು ಇಳಿದು ಒಳಗೇ ಕಲ್ಲಾಗಿತ್ತು.

ಮಾವ: ಇನ್ನು ಗೋಡೆ ಮೇಲೇ ಹೋಗಬೇಕು. ಕೇಸಿಂಗ್ ಪಟ್ಟಿ ಹೊಡೆಯೋದು, ಅದರೊಳಗೆ ತಂತಿ, ಮೇಲೆ ಮುಚ್ಚಳ.

ಹುಡುಗಿ: ಗೋಡೆ ತುಂಬಾ ಬಿಳೀ ಪ್ಲಾಸ್ಟಿಕ್ಕು! ಹಾಸ್ಟೆಲ್ ತರ ಕಾಣುತ್ತೆ ಮಾವ. ಅಚ್ಚುಕಟ್ಟು ಅಂದ್ರೆ ಕಣ್ಣಿಗೆ ಬೀಳಬಾರದು.

ಮಾವ: ಅಚ್ಚುಕಟ್ಟು ಅಂದ್ರೆ ಕಣ್ಣಿಗೆ ಬಿದ್ರೂ ಹೇಸಿಗೆ ಆಗಬಾರದು. ಚನ್ನಗಿರಿ ಕಡೆ ಅಡಿಕೆ ಬೆಳೆಗಾರರ ಮನೆಗಳು ನೆನಪೈತೆ ನನಗೆ. ಮೇಲೆ ಮಂಗಳೂರು ಹೆಂಚು, ಮರದ ತೊಲೆ, ಮಣ್ಣಿನ ದಪ್ಪ ಗೋಡೆ. ಒಳಗೆ ಪೈಪು ಎಲ್ಲಿ ಬಂತು? ತೇಗದ ಪಟ್ಟಿ ಹೊಡೆದು, ಅದರ ಮೇಲೆ ವೈರು, ವೈರಿಗೆ ತಗಡಿನ ಕ್ಲಿಪ್ಪು. ಬ್ಯಾಟನ್ ವೈರಿಂಗ್ ಅನ್ನೋರು. ಅಡ್ಡ ಸಾಲಿಗೆ 10 ಸೆಂಟಿಮೀಟರಿಗೊಂದು ಕ್ಲಿಪ್ಪು, ನಿಂತ ಸಾಲಿಗೆ 15ಕ್ಕೊಂದು. ನೀಲಿ ಹಚ್ಚಿದ ದಾರ ಗೋಡೆಗೆ ಹಿಡಿದು ಮಿಡಿದ್ರೆ ಗೆರೆ ಮೂಡೋದು. ಆ ಗೆರೆ ಬಿಟ್ಟು ಕೂದಲೆಳೆ ಆಚೆ ಹೋದ್ರೂ ಮೇಸ್ತ್ರಿ ಕೀಳಿಸಿ ಮತ್ತೆ ಹೊಡೆಸೋರು. ಬಂದೋರು ಕತ್ತೆತ್ತಿ ನೋಡಿ, ಯಾರು ಮಾಡಿದ್ದು ಅಂತ ಕೇಳೋರು. ಅದು ಮುಚ್ಚಿಡೋ ಕೆಲಸ ಆಗಿರಲಿಲ್ಲ.

ಹುಡುಗಿ: ಈಗ ಆ ಮನೆಗಳಲ್ಲಿ ಆ ಪಟ್ಟಿ ಉಳಿದಿವೆಯಾ?

ಮಾವ ತಕ್ಷಣ ಉತ್ತರ ಕೊಡಲಿಲ್ಲ. ಸ್ಕ್ರೂ ಡಬ್ಬಿಯಲ್ಲಿ ಏನನ್ನೋ ಹುಡುಕಿದರು.

ಮಾವ: ಕಿತ್ತರು. ತೇಗ ನೋಡು, ಬಿಸಾಕಲಿಲ್ಲ. ಒಂದು ಮನೇಲಿ ಕಿಟಕಿಯ ಸೊಳ್ಳೆಬಲೆಗೆ ಚೌಕಟ್ಟು ಮಾಡ್ಕೊಂಡಿದ್ರು.

ಹುಡುಗಿ: ನಿಮ್ಮ ಕಣ್ಣಿಗೆ ಅಂದವಾಗಿದ್ದದ್ದು ಅವರ ಮಕ್ಕಳಿಗೆ ಹಳೇ ಕಾಲದ್ದಾಯ್ತು. ನಾಳೆ ಈ ಪ್ಲಾಸ್ಟಿಕ್ ಪಟ್ಟಿಗೂ ಅದೇ ಆಗೋದು. ಸೊಳ್ಳೆಬಲೆಗೂ ಬರಲ್ಲ.

ಮಾವ: ಕೀಳೋಕಾದ್ರೂ ಆಯ್ತಲ್ಲ! ಒಂದು ದಿನದಾಗೆ ಕಿತ್ತು, ಒಂದು ದಿನದಾಗೆ ಗೋಡೆ ಬಳಿದ್ರು. ಜಗಳೂರಲ್ಲಿ ಒಂದು ಮನೆ. ಗೋಡೆ ಕೊರೆದು, ಪೈಪೂ ಇಲ್ಲದೆ ಬರೀ ಕೇಬಲ್ ಮಲಗಿಸಿ, ಮೇಲೆ ಗಾರೆ ಮೆತ್ತಿದ್ರು. ವರ್ಷ ತುಂಬೋದ್ರಾಗೆ ಅಟ್ಟದ ಮೇಲೆ ಇಲಿ ಒಂದು ಗೇಣು ತಿಂದು ಹಾಕಿತ್ತು. ಎಲ್ಲಿ ತಿಂದೈತೆ ಅಂತ ಹುಡುಕೋಕೆ ನಾಕು ಕಡೆ ಗೋಡೆ ಒಡೆದ್ವಿ. ಹೊರಗಿದ್ದಿದ್ರೆ ಕಣ್ಣಲ್ಲೇ ಕಾಣ್ತಿತ್ತು.

ಹುಡುಗಿ: ಅದು ಪೈಪು ಹಾಕದವರ ತಪ್ಪು, ಒಳಗೆ ಹಾಕಿದ್ದರ ತಪ್ಪಲ್ಲ.

ಮಾವ: ಅದೂ ಸರಿ ಅನ್ನು.

ಅವಳು ಪೇಟೆಯಿಂದ ಕೇಬಲ್ಲಿನ ಎರಡು ಸುರುಳಿ ತಂದಿದ್ದಳು. ಎರಡರ ಮೇಲೂ ಕ್ಯಾಟ್ 6 ಎಂಬ ದರ್ಜೆಯೇ ಅಚ್ಚಾಗಿತ್ತು. ಒಂದರ ಬೆಲೆ ಇನ್ನೊಂದರ ಅರ್ಧ. ಮಾವ ಎರಡನ್ನೂ ಎರಡು ಅಂಗೈಯಲ್ಲಿ ತೂಗಿ ನೋಡಿ, ಹಗುರಾದದ್ದರ ತುದಿ ಸುಲಿದು, ಒಂದೆಳೆಯನ್ನು ಚಾಕುವಿನಿಂದ ಹೆರೆದರು. ಕೆಂಪಗೆ ಹೊಳೆಯುತ್ತಿದ್ದ ತಂತಿ ಎರಡೇ ಗೀರಿಗೆ ಒಳಗೆ ಬೆಳ್ಳಗಾಯಿತು.

ಮಾವ: ನೋಡಿಲ್ಲಿ. ತಾಮ್ರದ ಪೂಸು, ಒಳಗೆ ಅಲ್ಯೂಮಿನಿಯಂ. ನಾಕು ಸಲ ಮಡಚಿದ್ರೆ ಲಟಕ್ ಅಂತದೆ.

ಹುಡುಗಿ: ಸಿಸಿಎ ಅಂತಾರೆ ಇದಕ್ಕೆ. ಕ್ಯಾಟ್ 6 ನಿಯಮ ಕೇಳೋದು ಅಪ್ಪಟ ತಾಮ್ರ. ಇದೇ ತಂತೀಲಿ ಕ್ಯಾಮೆರಾಗೆ ಕರೆಂಟೂ ಕಳಿಸಿದ್ರೆ ಬಿಸಿ ಬೇರೆ ಜಾಸ್ತಿ. ಅಂಗಡಿಯವರು ಎರಡೂ ಒಂದೇ ಅಂದ್ರು.

ಮಾವ: ಅಂಗಡೀಲಿ ಎಲ್ಲಾ ಒಂದೇ.

ಇಷ್ಟು ಹೊತ್ತು ಮೇಲುಗೈ ಮಾವನದಾಗಿತ್ತು. ಕೇಬಲ್ ಮೂಲೆ ತಿರುಗುವ ಹೊತ್ತಿಗೆ ಗಾಳಿಯೂ ತಿರುಗಿತು. ಅಡುಗೆಮನೆ ಬಾಗಿಲ ಚೌಕಟ್ಟಿನ ಬಳಿ ಅವರು ಹಳೆಯ ಅಭ್ಯಾಸದಂತೆ ಕೇಬಲ್ಲನ್ನು ಮೂಲೆಗೆ ಒತ್ತಿ, ಹೆಬ್ಬೆರಳಲ್ಲಿ ಮಡಚಿ, ಸುತ್ತಿಗೆಯ ಹಿಡಿಯಿಂದ ಎರಡು ಸಲ ತಟ್ಟಿದರು. ಮೂಲೆಮಟ್ಟ ಇಟ್ಟು ನೋಡಿದರೂ ತಪ್ಪು ಸಿಗದ ಮೂಲೆ.

ಹುಡುಗಿ: ಅಯ್ಯೋ, ಹಾಗೆ ಮಡಚಬೇಡಿ ಮಾವ! ಕೇಬಲ್ ದಪ್ಪದ ನಾಲ್ಕು ಪಟ್ಟು ಸುತ್ತು ಬೇಕು. ಇದು ಆರು ಮಿಲಿಮೀಟರ್ ಇದ್ದರೆ ತಿರುವಿನ ತ್ರಿಜ್ಯ ಒಂದು ಇಂಚಾದ್ರೂ ಇರಬೇಕು.

ಮಾವ: ಬಾಳೆದಿಂಡಿನಂಗೆ ಬಾಗಿದ್ರೆ ಅಚ್ಚುಕಟ್ಟು ಎಲ್ಲಿ ಬಂತು?

ಹುಡುಗಿ: ನಿಮ್ಮ ವೈರು ಬರೀ ಕರೆಂಟು ಹೊರೋದು, ಮಡಚಿದ್ರೂ ಬಲ್ಬು ಉರಿಯುತ್ತೆ. ಇದರೊಳಗೆ ನಾಲ್ಕು ಜೋಡಿ ಎಳೆ. ಒಂದೊಂದು ಜೋಡಿಗೂ ಬೇರೆ ಬೇರೆ ಹುರಿ. ಹುರಿ ಹೊಸೆದಿರೋದ್ರಿಂದ ಹೊರಗಿನ ಗದ್ದಲ ಎರಡೆಳೆಗೂ ಸಮ ತಾಗಿ, ಒಂದನ್ನೊಂದು ಕಳೆದು ಹಾಕುತ್ತೆ. ಟೆಲಿಫೋನಿನ ಗ್ರಹಾಂ ಬೆಲ್ ಇದಕ್ಕೆ 1881ರಲ್ಲೇ ಪೇಟೆಂಟ್ ತಗೊಂಡಿದ್ರು. ಮಡಚಿ ಜಜ್ಜಿದ್ರೆ ಜೋಡಿಯ ನಡುವಿನ ಅಂತರ ಕೆಡುತ್ತೆ, ಲೆಕ್ಕ ತಪ್ಪುತ್ತೆ.

ಮಾವ: ಹಗ್ಗದ ಹುರಿ ಅನ್ನು. ಬಿಚ್ಚಿದ್ರೆ ಬರೀ ನಾರು.

ಈ ಮಾತು ಅವರ ತಲೆಗೆ ಹೋಯಿತೆನ್ನುವಷ್ಟರಲ್ಲಿ, ತುದಿಗೆ ಪಿನ್ನು ಒತ್ತುವಾಗ ಕೈ ಮತ್ತೆ ಹಳೆಯ ದಾರಿ ಹಿಡಿಯಿತು. ಎರಡಿಂಚು ಮೇಲ್ಪದರ ಸುಲಿದು, ಎಂಟೂ ಎಳೆಗಳನ್ನು ಬುಡದವರೆಗೆ ಬಿಚ್ಚಿ, ತಲೆ ಬಾಚಿದ ಹಾಗೆ ನೇರ ಮಾಡಿ ತೋರಿಸಿದರು. ನೋಡಲು ಬಲು ಚೆಂದ. ಅವಳು ಅದನ್ನು ಕತ್ತರಿಸಿಯೇಬಿಟ್ಟಳು. ಅರ್ಧ ಇಂಚು ಮಾತ್ರ ಬಿಚ್ಚಿ, ನಡುವಿನ ಪ್ಲಸ್ ಆಕಾರದ ಪ್ಲಾಸ್ಟಿಕ್ಕು ಕತ್ತರಿಸಿ, ಬಾಯಲ್ಲಿ ಹೇಳಿಕೊಳ್ಳುತ್ತ ಜೋಡಿಸಿದಳು: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು.

ಮಾವ: ತಡಿ. ಎಲ್ಲಾ ಜೊತೆ ಜೊತೆ ಇಟ್ಟೆ, ಹಸಿರಿನ ಜೋಡಿ ಮಾತ್ರ ಅಗಲಿಸಿ ನಡುವೆ ನೀಲಿ ಕೂರಿಸಿದೆಯಲ್ಲ?

ಹುಡುಗಿ: ಮಧ್ಯದ ಎರಡು ಕಾಲು ಹಳೇ ಟೆಲಿಫೋನಿನ ಜಾಗ ಮಾವ. ಹಳೇ ಫೋನಿನ ಪಿನ್ನು ಚುಚ್ಚಿದ್ರೂ ನಡೀಲಿ ಅಂತ ಉಳಿಸಿಕೊಂಡ್ರು.

ಮಾವ: ಹಳೇದಕ್ಕೆ ಜಾಗ ಇಟ್ಟವ್ರೆ. ಪರವಾಗಿಲ್ಲ.

ಪಿನ್ನು ಒತ್ತಿ, ಪುಟ್ಟ ಟೆಸ್ಟರಿಗೆ ಸಿಕ್ಕಿಸಿದರೆ ದೀಪ ಒಂದರಿಂದ ಎಂಟರವರೆಗೆ ಸಾಲಾಗಿ ಹತ್ತಬೇಕು. ಹತ್ತಿತು. ಒಂದು ಜೋಡಿ ಕೈಕೊಟ್ಟರೂ ಸಂಪರ್ಕ ಪೂರ್ತಿ ಸಾಯದೆ ಇರಬಹುದು. 1000 ಎಂಬಿಪಿಎಸ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡೇ ಸಾಕು. ಆದ್ದರಿಂದಲೇ ಎಷ್ಟೋ ಮನೆಗಳಲ್ಲಿ ದೊಡ್ಡ ಪ್ಲಾನಿನ ದುಡ್ಡು ಕಟ್ಟಿ, ಅಗ್ಗದ ಪಿನ್ನಿನಿಂದಾಗಿ 100ರಲ್ಲೇ ವರ್ಷಗಟ್ಟಲೆ ಓಡಿಸುತ್ತಿರುತ್ತಾರೆ. ಕಂಪ್ಯೂಟರಿನಲ್ಲಿ ಲಿಂಕ್ ಸ್ಪೀಡ್ ಎಂಬ ಸಾಲು ನೋಡಿದರೆ ತಿಳಿಯುತ್ತದೆ.

ಚಹಾ ಬಂತು. ಕೆಲಸ ನಿಂತಿತು, ವಾದ ನಿಲ್ಲಲಿಲ್ಲ.

ಹುಡುಗಿ: ನಿಜ ಹೇಳಬೇಕಂದ್ರೆ ತಾಮ್ರದ ಕಾಲವೇ ಮುಗೀತಿದೆ. ಊರೊಳಗೆ ಫೈಬರ್ ಬಂತು, ಮನೆ ಬಾಗಿಲಿಗೆ ಬಂತು, ನಾಳೆ ಕೋಣೆಗೂ ಅದೇ ಬರುತ್ತೆ. ಒಳಗಿನ ಗಾಜಿನೆಳೆ 125 ಮೈಕ್ರಾನ್, ಸುಮಾರು ಕೂದಲಿನಷ್ಟು. ಸಿಡಿಲು ಬಡಿದ್ರೂ ಗಾಜಿನಲ್ಲಿ ಕರೆಂಟು ಹರಿಯಲ್ಲ.

ಮಾವ: ಸಿಡಿಲಿನ ಮಾತು ನನಗೂ ಗೊತ್ತು. ಎರಡು ಕಟ್ಟಡದ ನಡುವೆ ಗಾಳೀಲಿ ಇಂಥದ್ದೇ ತಾಮ್ರದ ತಂತಿ ಎಳೆದಿದ್ರು ಒಬ್ರು. ಏಪ್ರಿಲ್ಲಿನ ಒಂದು ಗುಡುಗಿಗೆ ಆ ಕಡೆ ಪೆಟ್ಟಿಗೇನೂ ಹೋಯ್ತು, ಈ ಕಡೇದೂ ಹೋಯ್ತು. ಕಟ್ಟಡದಿಂದ ಕಟ್ಟಡಕ್ಕೆ ನಿನ್ನ ಗಾಜೇ ಸೈ. ಆದ್ರೆ ಆ ಕಪ್ಪು ಫೈಬರ್ ಕೇಬಲ್ ತೂಗುಹಾಕೋಕೆ ಪಕ್ಕದಾಗೆ ಒಂದು ಉಕ್ಕಿನ ತಂತಿ ಇರ್ತದಲ್ಲ, ಅದನ್ನ ಫೈಬರ್ ಹಾಕಿದ ಹುಡುಗರು ಬಾಗಿಲ ಹೊರಗೇ ಕತ್ತರಿಸಿದ್ರಾ, ಹಂಗೇ ಒಳಗೆ ತಂದ್ರಾ?

ಅವಳು ಎದ್ದುಹೋಗಿ ನೋಡಿದಳು. ಒಳಗೆ ತಂದಿದ್ದರು.

ಹುಡುಗಿ: ಇವತ್ತೇ ಕತ್ತರಿಸಿಬಿಡೋಣ.

ಮಾವ: ಇನ್ನೊಂದು. ಈ ತಾಮ್ರ ತುಂಡಾದ್ರೆ ನೀನೇ ಈಗ ಮಾಡಿದಂಗೆ ಪಿನ್ನು ಒತ್ತಬೌದು. ಗಾಜು ತುಂಡಾದ್ರೆ ಬೆಸುಗೆ ಮಿಷಿನ್ನು ತರೋನಿಗೆ ಕಾಯಬೇಕು.

ಹುಡುಗಿ: ಅದಕ್ಕೇ ಮೊದಲೇ ಸರಿಯಾಗಿ ಕಟ್ಟಬೇಕು ಅನ್ನೋದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ನೀರು, ಕರೆಂಟಿನ ಸಾಲಿನಲ್ಲೇ ಇದಕ್ಕೂ ಒಂದು ವಿಭಾಗ ಇದೆ. 2024ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಕಟ್ಟಡಗಳಿಗೆ ಸಂಪರ್ಕದ ಗುಣಮಟ್ಟ ನೋಡಿ ರೇಟಿಂಗ್ ಕೊಡೋ ನಿಯಮವನ್ನೇ ತಂತು. ಇಲ್ಲಿ ಮಾತ್ರ ಮೇಸ್ತ್ರಿ ಪೈಪಿನ ಬಾಯಿಗೆ ಬಟ್ಟೆ ತುರುಕೋದನ್ನೂ ಮರೀತಾನೆ.

ಮಾವ: ಬೆಂಗಳೂರಲ್ಲಿ ನಿನ್ನಿಷ್ಟಕ್ಕೆ ಕೊರೀಬೌದಿತ್ತಾ?

ಹುಡುಗಿ: ಅದೆಲ್ಲಿ! ಸ್ವಂತ ಫ್ಲ್ಯಾಟಿನವರಿಗೇ ಆಗಲ್ಲ. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆ ಪ್ರಕಾರ ಕಟ್ಟಡದ ಭದ್ರತೆಗೆ ಧಕ್ಕೆ ಆಗೋ ಕೆಲಸಕ್ಕೆ ಉಳಿದೆಲ್ಲ ಮಾಲೀಕರ ಒಪ್ಪಿಗೆ ಬೇಕು. ಕಾರಿಡಾರಿನ ಗೋಡೆ ಎಲ್ಲರದು. ಬಾಡಿಗೆಯವರನ್ನ ಕೇಳೋರ್ಯಾರು?

ಮಾವ: ಹಂಗಾದ್ರೆ ಇಲ್ಲೇ ವಾಸಿ. ಒಬ್ಬ ಮಾಲೀಕ, ಒಂದು ತೂತು.

ಆ ಒಂದು ತೂತನ್ನು ಮಾವನೇ ಹೊಡೆದರು. ಸ್ವಿಚ್‌ಬೋರ್ಡಿನ ನೇರ ಮೇಲಕ್ಕೂ ಕೆಳಕ್ಕೂ ಪಕ್ಕಕ್ಕೂ ಡ್ರಿಲ್ ಇಡಬಾರದು, ಗೋಡೆಯೊಳಗಿನ ವೈರು ಆ ದಾರಿಗಳಲ್ಲೇ ಓಡಾಡುತ್ತದೆ ಎಂದು ಎರಡು ಸಲ ಹೇಳಿ, ಬಾಗಿಲ ಚೌಕಟ್ಟಿನ ಬದಿಯಲ್ಲಿ ಜಾಗ ಹುಡುಕಿದರು. ಕೆಳಗೆ ಹಾಸಿದ ಹಳೆಯ ಪತ್ರಿಕೆಯ ಮೇಲೆ ಇಟ್ಟಿಗೆಯ ಕೆಂಪು ಪುಡಿ ಸಣ್ಣ ರಾಶಿಯಾಯಿತು.

ಪಟ್ಟಿಯ ವಿಷಯದಲ್ಲಿ ರಾಜಿ ಆದದ್ದು ಹೀಗೆ: ಹಾಲ್‌ನಲ್ಲಿ ಅವಳ ಮಾತು. ನೆಲದಂಚಿನ ಟೈಲ್ಸಿನ ನೆತ್ತಿಗೆ ಅಂಟಿಕೊಂಡಂತೆ, ಗೋಡೆಯ ಬಣ್ಣ ಬಳಿದ ತೆಳು ಪಟ್ಟಿ, ಸೋಫಾದ ಹಿಂದೆ. ಕೋಣೆಯೊಳಗೆ ಮಾವನ ಮಾತು. ಬಿಳಿ ಪಟ್ಟಿ, ದಾರ ಮಿಡಿದ ಗೆರೆಯ ಮೇಲೆ. ಮೂಲೆಗಳಲ್ಲಿ ಮಾತ್ರ ಮಾವ ಹಲ್ಲು ಕಚ್ಚಿ ಒಂದಿಂಚಿನ ಸುತ್ತು ಬಿಟ್ಟರು. ಅವಳು ಬಿಗಿಯುವ ಟ್ಯಾಗಿನ ಬದಲು ವೆಲ್ಕ್ರೋ ಪಟ್ಟಿ ಸುತ್ತಿದಳು.

ಕೊನೆಯಲ್ಲಿ ಮಾವ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಗೋಡೆಯ ಬಾಕ್ಸಿನ ಮುಚ್ಚಳದ ಒಳಮೈಯಲ್ಲಿ ಬರೆದರು: ಹಾಲ್ ಬಾಗಿಲಿಂದ, 17 ಮೀಟರ್, ಅಡುಗೆಮನೆ ಬಾಗಿಲ ಮೇಲೆ.

ಹುಡುಗಿ: ಇದನ್ನ ಯಾರು ಓದ್ತಾರೆ ಮಾವ? ನಾನು ವರ್ಷದಲ್ಲಿ ಮನೆ ಬಿಡಬಹುದು.

ಮಾವ: ನೀನು ಬಿಟ್ಟರೂ ತಂತಿ ಇರ್ತದೆ. ಹಳೇ ಕೆರೆಗಳ ತೂಬು ನೋಡಿದೀಯಲ್ಲ? ಏರಿ ಒಳಗೆ ಕಾಲುವೆ ಯಾರಿಗೂ ಕಾಣಲ್ಲ. ಆದ್ರೆ ನೀರಿನ ಮೇಲೆ ಎರಡು ಕಲ್ಲುಕಂಬ ನಿಲ್ಲಿಸಿರ್ತಾರೆ, ತೂಬು ಇಲ್ಲೈತೆ ಅಂತ. ಒಳಗೆ ಹಾಕು, ಬ್ಯಾಡ ಅನ್ನಲ್ಲ. ಕಲ್ಲು ನಿಲ್ಲಿಸಿ ಹಾಕು.

ಹುಡುಗಿ: ಕೆರೆ ಸಾವಿರ ವರ್ಷ ಇರುತ್ತೆ. ಈ ತಂತಿಗೆ ಹತ್ತು ವರ್ಷ ಆಯಸ್ಸು ಇದ್ದರೆ ಹೆಚ್ಚು. ಅಷ್ಟರಲ್ಲಿ ಎಲ್ಲಾ ಬದಲಾಗುತ್ತೆ.

ಮಾವ: ನಾನು ಹುಟ್ಟಿದ ಮನೆ ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕಿಂದು. 1997ರಲ್ಲಿ ದಾವಣಗೆರೆ ಜಿಲ್ಲೆ ಆಯ್ತು. ಆಮೇಲೆ ನ್ಯಾಮತಿನೇ ತಾಲ್ಲೂಕಾಯ್ತು. ವಿಳಾಸ ಮೂರಾಯ್ತು, ಮನೆ ಒಂದಿಂಚು ಸರೀಲಿಲ್ಲ. ಪೋಸ್ಟು ಮಾತ್ರ ತಪ್ಪದೆ ಬರ್ತಿತ್ತು, ಬಾಗಿಲ ಮೇಲೆ ಹೆಸರಿತ್ತು ನೋಡು.

ಅವಳು ನಕ್ಕಳು, ಒಪ್ಪಲಿಲ್ಲ. ಆದರೆ ಮುಚ್ಚಳ ಹಾಕುವ ಮೊದಲು ಆ ಬರಹದ ಫೋಟೊ ತೆಗೆದುಕೊಂಡಳು.

ಮೇಲೆ ಟೆರೇಸಿನಲ್ಲಿ ಮಾಲೀಕರು ಮತ್ತೊಂದು ಅಂತಸ್ತಿಗೆ ಕಬ್ಬಿಣ ಕಟ್ಟಿಸುತ್ತಿದ್ದರು, ಮರುದಿನ ಮೋಲ್ಡು. ಇಬ್ಬರೂ ಹತ್ತಿ ನೋಡಿದರು. ಸರಳುಗಳ ನಡುವೆ ಫ್ಯಾನಿಗೆ, ದೀಪಕ್ಕೆ ಪೈಪು ಮಲಗಿದ್ದವು, ಬೇರೇನೂ ಇರಲಿಲ್ಲ. ಮುಂದೆ ಅಲ್ಲಿ ಹಾಯುವುದು ತಾಮ್ರವೋ ಗಾಜೋ ಎಂಬ ವಾದ ಅಲ್ಲಿಯೂ ಮುಗಿಯಲಿಲ್ಲ. ಪೈಪು ಬೇಕು ಎಂಬುದರಲ್ಲಿ ಮಾತ್ರ ಇಬ್ಬರೂ ಒಂದಾಗಿ ಮಾಲೀಕರನ್ನು ಹಿಡಿದರು. ಮನೆ ಕಟ್ಟಿಸುತ್ತಿರುವವರು ಮೋಲ್ಡಿನ ಹಿಂದಿನ ಸಂಜೆ ಒಮ್ಮೆ ಮೇಲೆ ಹತ್ತಿ ನೋಡಿ: ಮುಂಬಾಗಿಲಿಂದ ಒಂದೊಂದು ಕೋಣೆಗೂ 25 ಮಿಲಿಮೀಟರಿನ ಒಂದೊಂದು ಖಾಲಿ ಪೈಪು ಇರಲಿ, ಒಳಗೊಂದು ಎಳೆಯುವ ತಂತಿ ಬಿಡಿ, ಎರಡೂ ಬಾಯಿಗೆ ಬಟ್ಟೆ ತುರುಕಿ, ಕಾಂಕ್ರೀಟ್ ಬೀಳುವ ಮುಂಚೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.